ಶಿಫ್ಟ್ ಪಟ್ಟಿ ಭಾನುವಾರ ರಾತ್ರಿ ಬಂದರೆ ಧ್ಯಾನ ಏನು ಮಾಡುತ್ತೆ?

ನಮಸ್ಕಾರ. ಬೆಂಗಳೂರಿನ ಆಫೀಸುಗಳಲ್ಲಿ ಈಗ ಮನಸ್ಸು ಗಟ್ಟಿ ಮಾಡಿಕೊಳ್ಳೋ ವೆಬಿನಾರ್‌ಗಳ ಸುಗ್ಗಿ. ಕಣ್ಣು ಮುಚ್ಚಿ, ಉಸಿರು ಎಳೆದುಕೊಳ್ಳಿ, ಪಾಸಿಟಿವ್ ಆಗಿ ಯೋಚಿಸಿ. ಉಸಿರಿನ ಮೇಲೆ ನನಗೇನೂ ಜಗಳ ಇಲ್ಲ. ಆದರೆ ವಾರದ ಶಿಫ್ಟ್ ಪಟ್ಟಿಯನ್ನು ಭಾನುವಾರ ರಾತ್ರಿ ಹನ್ನೊಂದಕ್ಕೆ ಕಳಿಸೋರು ಸೋಮವಾರ ಬೆಳಗ್ಗೆ ಶಾಂತಿ ಪಾಠ ಹೇಳಿದರೆ ಸಿಟ್ಟು ಬರುತ್ತೆ, ಅಲ್ವಾ?

ಮನಸ್ಸು ನಿಜಕ್ಕೂ ಯಾವುದರಿಂದ ಗಟ್ಟಿಯಾಗುತ್ತೆ ಅನ್ನೋದಕ್ಕೆ ಒಂದು ಹಳೇ ಅಧ್ಯಯನ ನೋಡಿ. 1970ರ ಸುಮಾರಿಗೆ ಆರನ್ ಆಂಟನೊವ್ಸ್ಕಿ ಅನ್ನೋ ಸಮಾಜಶಾಸ್ತ್ರಜ್ಞರು ಇಸ್ರೇಲಿನಲ್ಲಿ ಮುಟ್ಟು ನಿಲ್ಲುವ ವಯಸ್ಸಿನ ಹೆಂಗಸರ ಅಧ್ಯಯನ ಮಾಡಿದರು. ಅವರಲ್ಲಿ ಕೆಲವರು ನಾಜಿ ಕ್ಯಾಂಪುಗಳಿಂದ ಬದುಕಿ ಬಂದವರು. ಕ್ಯಾಂಪ್ ನೋಡದವರಲ್ಲಿ ಶೇ 51ರಷ್ಟು ಮಂದಿಯ ಮನಸ್ಸು ಚೆನ್ನಾಗಿತ್ತು, ನೋಡಿ ಬಂದವರಲ್ಲಿ ಶೇ 29. ಅಂತರ ದೊಡ್ಡದೇ. ಆದರೆ ಆಂಟನೊವ್ಸ್ಕಿಯವರನ್ನು ಕಾಡಿದ್ದು ಬೇರೆ ಪ್ರಶ್ನೆ: ಅಷ್ಟೆಲ್ಲ ಅನುಭವಿಸಿಯೂ ಆ ಶೇ 29ರಷ್ಟು ಮಂದಿ ಹೇಗೆ ಚೆನ್ನಾಗಿದ್ದಾರೆ? ಅದರಿಂದ ಹುಟ್ಟಿದ್ದೇ ಸೆನ್ಸ್ ಆಫ್ ಕೊಹಿರೆನ್ಸ್, ಅಂದರೆ ಬದುಕಿಗೊಂದು ಹೊಂದಿಕೆ ಇದೆ ಅನ್ನೋ ಭಾವನೆ. ಅದಕ್ಕೆ ಮೂರು ಬೇಕು. ನನಗೇನಾಗುತ್ತಿದೆ ಅಂತ ತಿಳಿಯಬೇಕು. ನಿಭಾಯಿಸೋಕೆ ಹಣವೋ ಜನವೋ ಏನಾದರೂ ಆಸರೆ ಇರಬೇಕು. ಇಷ್ಟು ಒದ್ದಾಡಿದ್ದಕ್ಕೂ ಒಂದು ಅರ್ಥ ಇದೆ ಅನ್ನಿಸಬೇಕು. ಕೊನೆಯದೇ ಎಲ್ಲಕ್ಕಿಂತ ಮುಖ್ಯ ಅಂದರು ಅವರು. ಈ ಭಾವನೆ ಜಾಸ್ತಿ ಇದ್ದವರಲ್ಲಿ ಆತಂಕ, ಖಿನ್ನತೆ ಕಡಿಮೆ ಅಂತ ಆಮೇಲಿನ ಎಷ್ಟೋ ಅಧ್ಯಯನಗಳು ತೋರಿಸಿವೆ. (ಇದನ್ನು ಅಳೆಯೋ 29 ಪ್ರಶ್ನೆಗಳು ಖಿನ್ನತೆಯ ಪ್ರಶ್ನೆಗಳ ಹಾಗೇ ಇವೆ ಅನ್ನೋ ಟೀಕೆಯೂ ಇದೆ. ಆ ಟೀಕೆಯಲ್ಲಿ ಹುರುಳಿದೆ. ಖಿನ್ನತೆಯಲ್ಲಿ ಇರೋರಿಗೆ ಯಾವುದೂ ಅರ್ಥವಿಲ್ಲ ಅನ್ನಿಸೋದು ಸಹಜ ತಾನೆ.)

ನಮ್ಮ ವೆಬಿನಾರ್‌ನವರು ಬಿಟ್ಟುಬಿಡೋ ಮಾತು ಒಂದಿದೆ. ಇದು ಹುಟ್ಟುಗುಣ ಅಂತ ಆಂಟನೊವ್ಸ್ಕಿ ಹೇಳಲಿಲ್ಲ. ನಾಳೆ ಏನು ಅಂತ ಊಹಿಸೋಕೆ ಆಗುವ ಬದುಕು, ಹೊರೋಕೆ ಆಗುವಷ್ಟು ಭಾರ, ನಿರ್ಧಾರದಲ್ಲಿ ನಮಗೂ ಒಂದು ಮಾತು, ಇವುಗಳಿಂದ ಅದು ಬೆಳೆಯುತ್ತೆ ಅಂದರು.

ದರ್ಶಿನಿ ಮುಂದೆ ಪಾರ್ಸೆಲ್‌ಗೆ ಕಾಯೋ ಡೆಲಿವರಿ ಹುಡುಗರನ್ನು ಮಾತಾಡಿಸಿ ನೋಡಿ. ನಿನ್ನೆ ಇಷ್ಟು ಆರ್ಡರ್‌ಗೆ ಇನ್ಸೆಂಟಿವ್ ಬಂದಿತ್ತು, ಇವತ್ತು ಇಲ್ಲ. ಯಾಕೆ ಅಂತ ಕೇಳೋಣ ಅಂದರೆ ಮನುಷ್ಯರೇ ಸಿಗಲ್ಲ, ಆಪ್‌ನ ಚಾಟ್ ಮಾತ್ರ 'ನಿಮ್ಮ ತಾಳ್ಮೆಗೆ ಧನ್ಯವಾದ' ಅನ್ನುತ್ತೆ. ಆ ಹುಡುಗರಿಗೆ ಧೈರ್ಯ ತಂದುಕೊಳ್ಳಿ ಅಂದರೆ ಏನು ಬಂತು? 2024ರ ಬೇಸಿಗೆ ನೆನಪಿದೆಯಾ, ಬೋರ್‌ವೆಲ್ ಬತ್ತಿದ್ದು? ನೀರಿನ ಕಷ್ಟ ಎಲ್ಲ ಕಡೆ ಇತ್ತು. ಟ್ಯಾಂಕರ್ ಎಷ್ಟು ಗಂಟೆಗೆ, ಯಾರ ಮನೆ ಸಂಪ್‌ಗೆ ಅಂತ ಮೊದಲೇ ಗ್ರೂಪ್‌ನಲ್ಲಿ ಹಾಕುತ್ತಿದ್ದ ಕಡೆ ಕೂಗಾಟ ಕಡಿಮೆ ಇದ್ದದ್ದನ್ನು ನಾನಂತೂ ನೋಡಿದ್ದೇನೆ.

ಅದಕ್ಕೇ ಮ್ಯಾನೇಜರ್‌ಗಳಿಗೆ ಹೇಳೋದು: ಪಟ್ಟಿಯನ್ನು ಎರಡು ವಾರ ಮೊದಲೇ ಕೊಡಿ, ಹಾಕುವಾಗ ಟೀಮನ್ನೂ ಒಂದು ಮಾತು ಕೇಳಿ. ಖರ್ಚೇನೂ ಇಲ್ಲ. ಇನ್ನು, ಈಗಾಗಲೇ ನಿದ್ದೆ ಇಲ್ಲದೆ, ಯಾವುದೂ ಬೇಡ ಅನ್ನಿಸಿ ಕೂತಿರೋರು ಆಫೀಸು ಬದಲಾಗಲಿ ಅಂತ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು.