ಒಂದು ಮನೆ, ಎರಡು ಕೂಲಿ ನಷ್ಟ

ನಮಸ್ಕಾರ. ವಿಕಲಚೇತನರ ವಿಷಯ ಬಂದ ಕೂಡಲೇ ನಾವು ಕರುಣೆ, ಪುಣ್ಯ ಅಂತ ಶುರು ಮಾಡುತ್ತೇವೆ. ಇವತ್ತು ಅದೆಲ್ಲ ಬೇಡ. ಅವರು ಸ್ವತಂತ್ರವಾಗಿ ಬದುಕಲು ಊರಲ್ಲೇ ನೆರವು ಸಿಕ್ಕರೆ ಮನೆಗೆ ಏನು ಲಾಭ ಅಂತ, ಬರೀ ದುಡ್ಡಿನ ಮಾತು ಆಡೋಣ.

ಶಿಡ್ಲಘಟ್ಟದ ಕಡೆ ಒಂದು ರೇಷ್ಮೆ ಮನೆ ಅಂದುಕೊಳ್ಳಿ. ಹುಳ ನಾಲ್ಕನೇ ಜ್ವರದಿಂದ, ಅಂದರೆ ಪೊರೆ ಬಿಡುವ ನಿದ್ದೆಯಿಂದ, ಎದ್ದ ಮೇಲೆ ಸೊಪ್ಪು ಎಷ್ಟು ತಂದರೂ ಸಾಲದು. ಹಣ್ಣಾದ ಹುಳ ಆಯ್ದು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ದಿನವಂತೂ ಮನೆಮಂದಿಯೆಲ್ಲ ಬೇಕು. ಈ ಮನೆಯ ಮಗನಿಗೆ ಮೂವತ್ತು ವರ್ಷ. ಬೆನ್ನುಹುರಿಗೆ ಪೆಟ್ಟಾಗಿ ಕಾಲು ಆಡುವುದಿಲ್ಲ. ಎಬ್ಬಿಸಲು, ಸ್ನಾನ ಮಾಡಿಸಲು ತಾಯಿಯೇ ಬೇಕು. ತಲೆ, ಕೈ ಎರಡೂ ಚುರುಕಾಗಿವೆ, ಆದರೂ ಅವನಿಗೆ ದುಡಿಮೆ ಇಲ್ಲ. ತಾಯಿಗೂ ಇಲ್ಲ. ತೋಟದಲ್ಲಿ ಅವಳ ಜಾಗಕ್ಕೆ ಕೂಲಿಯವರು ಬರಬೇಕು.

ದಿನಗೂಲಿ 400 ರೂಪಾಯಿ, ತಿಂಗಳಿಗೆ 20 ದಿನ ಅಂತಿಟ್ಟುಕೊಂಡರೂ ತಾಯಿಯದೇ 8,000. ವರ್ಷಕ್ಕೆ 96,000. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಮ್ಮ ಮಾಡುವುದು ಪುಕ್ಕಟೆ, ಅಲ್ವಾ?

ಈಗ ಊರಲ್ಲೇ ತರಬೇತಿ ಪಡೆದ ಸಹಾಯಕರೊಬ್ಬರು ದಿನಕ್ಕೆ ಎರಡೂವರೆ ಗಂಟೆ ಬಂದು ಹೋಗುತ್ತಾರೆ ಅನ್ನಿ. ಗಂಟೆಗೆ 60ರಂತೆ ತಿಂಗಳಿಗೆ 4,500. ಅವರೇ ಇನ್ನೂ ಎರಡು ಮನೆ ನೋಡಬಹುದು, ಅದೂ ಊರಲ್ಲೇ ಹುಟ್ಟಿದ ಒಂದು ಕೆಲಸ. ಬಾಗಿಲಿಗೆ ಒಂದು ಇಳಿಜಾರು, ವೀಲ್‌ಚೇರ್ ತಿರುಗುವಷ್ಟು ಬಚ್ಚಲು. ತಾಯಿ ತೋಟಕ್ಕೆ ಹೋದಳು. ಮಗ ಮೊಬೈಲ್ ರಿಪೇರಿಗೋ, ಡೇರಿಯ ಲೆಕ್ಕಕ್ಕೋ ಕೂತ. ಅವನು ಗಳಿಸುವುದನ್ನು ನಾನಿನ್ನೂ ಸೇರಿಸಿಯೇ ಇಲ್ಲ!

ಸ್ವತಂತ್ರ ಬದುಕು ಅಂದರೆ ಒಂಟಿಯಾಗಿ ಇರಬೇಕು ಅಂತೇನಿಲ್ಲ. ಯಾವಾಗ ಏಳಬೇಕು, ಎಲ್ಲಿಗೆ ಹೋಗಬೇಕು ಅನ್ನುವುದು ಅವನ ತೀರ್ಮಾನ, ಅದಕ್ಕೆ ಬೇಕಾದ ನೆರವು ಊರಲ್ಲೇ ಸಿಗಬೇಕು, ಅಷ್ಟೇ. ಅಮೆರಿಕದ ಬರ್ಕ್ಲಿಯಲ್ಲಿ 1972ರಲ್ಲಿ ಇಂಥ ನೆರವಿಗಾಗಿಯೇ ಒಂದು ಕೇಂದ್ರ ಶುರುವಾಯಿತು. ಅದನ್ನು ಕಟ್ಟಿದವರಲ್ಲಿ ಪ್ರಮುಖರು ಪೋಲಿಯೊ ಆಗಿದ್ದ ಎಡ್ ರಾಬರ್ಟ್ಸ್. ಇವರು ದುಡಿಯಲಾರರು ಎಂದು ಒಂದು ಕಾಲದಲ್ಲಿ ನೆರವು ನಿರಾಕರಿಸಿದ್ದ ಕ್ಯಾಲಿಫೋರ್ನಿಯಾದ ಪುನರ್ವಸತಿ ಇಲಾಖೆಗೇ ಅವರು 1975ರಲ್ಲಿ ಮುಖ್ಯಸ್ಥರಾದರು. ಎಂಥಾ ಮಜಾ ನೋಡಿ.

ನಮ್ಮಲ್ಲೂ ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ ಸಮುದಾಯದ ನಡುವೆ ಬದುಕುವ ಹಕ್ಕು ಕೊಟ್ಟಿದೆ. ಆದರೆ 2011ರ ಜನಗಣತಿಯ 2.68 ಕೋಟಿ ವಿಕಲಚೇತನರಲ್ಲಿ ದುಡಿಯುವವರು ಶೇಕಡಾ 36ರಷ್ಟು ಮಾತ್ರ. ಮನೆಯಿಂದ 100 ಕಿಲೋಮೀಟರ್ ಒಳಗೆ ಓಡಾಡಲು ರಿಯಾಯಿತಿ ಬಸ್ ಪಾಸ್ ಇದೆ, ಶಿಡ್ಲಘಟ್ಟದಿಂದ ಬೆಂಗಳೂರಿಗೂ ಸಾಕು. ಪಾಸ್ ಏನೋ ಸಿಗುತ್ತದೆ, ಬಸ್ಸಿನ ಮೆಟ್ಟಿಲು ಹತ್ತುವುದು ಹೇಗೆ? ಬಾಗೇಪಲ್ಲಿ, ಪಾವಗಡದ ಕಡೆ ಫ್ಲೋರೈಡ್ ನೀರು ಕುಡಿದು ಮೂಳೆ ಬಿಗಿದುಕೊಂಡ ಹಿರಿಯರಿಗೂ ಇದೇ ಪಾಡು.

"ಸರ್ಕಾರದ ಹತ್ತಿರ ದುಡ್ಡೆಲ್ಲಿದೆ?" ಅಂತೀರಾ? ಗ್ರಾಮ ಪಂಚಾಯಿತಿಗಳು ತಮ್ಮ ಸ್ವಂತ ಆದಾಯದಲ್ಲಿ ಶೇಕಡಾ 5ನ್ನು ವಿಕಲಚೇತನರಿಗೆ ತೆಗೆದಿಡಬೇಕು. ಸಣ್ಣ ಪಂಚಾಯಿತಿಯಲ್ಲಿ ಅದು ದೊಡ್ಡ ಮೊತ್ತವೇನಲ್ಲ, ಒಪ್ಪುತ್ತೇನೆ. ನನ್ನ ತಕರಾರು ಇಷ್ಟೇ: ವಸ್ತು ಕೊಟ್ಟು, ಫೋಟೊ ತೆಗೆದು ಕೈತೊಳೆದುಕೊಳ್ಳುವುದು ಸಾಕು. ಸಹಾಯಕರ ಗಂಟೆಗೆ, ಬಾಗಿಲಿನ ಇಳಿಜಾರಿಗೆ ಅದರಲ್ಲೊಂದು ಪಾಲು ಇಡಲಿ, ಉಳಿದದ್ದನ್ನು ರಾಜ್ಯ ಸರ್ಕಾರ ತುಂಬಲಿ. ಮುಂದಿನ ಗ್ರಾಮಸಭೆಗೆ ಹೋದಾಗ ಆ ಶೇಕಡಾ 5 ಯಾವುದಕ್ಕೆ ಖರ್ಚಾಯಿತು ಅಂತ ಪಿಡಿಒ ಅವರನ್ನು ಕೇಳಿ. ಉತ್ತರವನ್ನು ಕಾಮೆಂಟಿನಲ್ಲಿ ಹಾಕಿ, ನಾನೂ ಓದುತ್ತೇನೆ.