ಬೆಂಕಿಗಿಂತ ಮೊದಲು ಹೊಗೆ

ಇದು ಕಲಬುರಗಿಯ ಸೂಪರ್ ಮಾರ್ಕೆಟ್. ಅಕ್ಕ ಕಟ್ಟಿಸುತ್ತಿರುವ ಮನೆಗೆ ವೈರ್ ಕೊಳ್ಳಲು ಬಂದಿದ್ದೇವೆ. ಈ ಎರಡು ಸುರುಳಿಗಳನ್ನು ನೋಡಿ. ಒಂದರ ಮೇಲೆ ಎಫ್‌ಆರ್ ಎಂದಿದೆ, ಅಂದರೆ ಬೆಂಕಿಯನ್ನು ತಡೆಯುವಂಥದ್ದು; ಇನ್ನೊಂದರ ಮೇಲೆ ಎಫ್‌ಆರ್-ಎಲ್‌ಎಸ್‌ಎಚ್. ಅಂದರೆ ಬೆಂಕಿಯ ಜೊತೆ ಹೊಗೆಯನ್ನೂ ತಗ್ಗಿಸುವಂಥದ್ದು. "ಎರಡೂ ಒಂದೇ ಅಕ್ಕಾ, ಕಡಿಮೆ ಬೆಲೆಯದನ್ನೇ ಒಯ್ಯಿರಿ" ಎಂದರು ಅಂಗಡಿಯವರು. ಎರಡೂ ಒಂದೇ ಅಲ್ಲ. ನಾವು ಎರಡನೆಯದನ್ನು ತೆಗೆದುಕೊಂಡೆವು.

ಗೋಡೆಯೊಳಗೆ ಹೂಳುವ ಗಟ್ಟಿ ಪಿವಿಸಿ ಪೈಪ್ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ. ಪಿವಿಸಿಯ ತೂಕದಲ್ಲಿ ಶೇ 57ರಷ್ಟು ಕ್ಲೋರಿನ್ ಇದೆ. ಗಟ್ಟಿ ಪಿವಿಸಿ ಉರಿಯುತ್ತಲೇ ಇರಬೇಕಾದರೆ ಸುಮಾರು ಶೇ 45ರಷ್ಟು ಆಮ್ಲಜನಕ ಬೇಕು. ನಮ್ಮ ಗಾಳಿಯಲ್ಲಿರುವುದು ಶೇ 21. ವೈರ್‌ನ ಹೊದಿಕೆಯೂ ಪಿವಿಸಿಯೇ, ಆದರೆ ವೈರ್ ಬಾಗಬೇಕಲ್ಲ! ಅದಕ್ಕೆಂದು ಬೆರೆಸುವ ಎಣ್ಣೆಯಂಥ ಪ್ಲಾಸ್ಟಿಸೈಸರ್ ತಾನೇ ಉರಿಯುತ್ತದೆ. ಹೊದಿಕೆ ಮೆತ್ತಗಾದಷ್ಟೂ ಬೆಂಕಿಗೆ ಸಲೀಸು.

ಆ ನಷ್ಟ ತುಂಬಲು ಆಂಟಿಮನಿ ಟ್ರೈಆಕ್ಸೈಡ್ ಹಾಕುತ್ತಾರೆ. ಕಾಯ್ದಾಗ ಅದು ಕ್ಲೋರಿನ್ ಜೊತೆಗೂಡಿ ಆವಿಯಾಗಿ, ಜ್ವಾಲೆಯನ್ನು ಮುಂದುವರಿಸುವ ಕಣಗಳನ್ನು ಜ್ವಾಲೆಯೊಳಗೇ ಹಿಡಿದುಹಾಕುತ್ತದೆ. ಬೆಂಕಿ ಕುಗ್ಗುತ್ತದೆ, ನಿಜ. ಆದರೆ ಪೂರ್ತಿ ಸುಡದೆ ಉಳಿದ ಇಂಗಾಲ ಕಪ್ಪು ಹೊಗೆಯಾಗಿ ಏಳುತ್ತದೆ. ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಕೂಡ ಹೊರಬರುತ್ತದೆ. ಕಣ್ಣು, ಗಂಟಲಿನ ತೇವ ಸೋಕಿದೊಡನೆ ಅದು ಆಮ್ಲ. ಕರೆಂಟು ಹೋದ ಮನೆಯಲ್ಲಿ ಮಗುವನ್ನು ಎತ್ತಿಕೊಂಡು ಬಾಗಿಲು ಹುಡುಕುವವರಿಗೆ ಈ ಹೊಗೆ ದಾರಿಯನ್ನೇ ಕಾಣಗೊಡುವುದಿಲ್ಲ. ನನ್ನನ್ನು ಹೆಚ್ಚು ಹೆದರಿಸುವುದು ಇದೇ.

ಎಫ್‌ಆರ್-ಎಲ್‌ಎಸ್‌ಎಚ್ ವೈರ್‌ನ ಹೊದಿಕೆಗೆ ಹೊಗೆ ತಗ್ಗಿಸುವ ಪುಡಿಗಳನ್ನೂ ಬೆರೆಸುತ್ತಾರೆ. ಅವುಗಳಲ್ಲಿ ನನಗೆ ಬಹಳ ಮೆಚ್ಚುಗೆಯಾದದ್ದು ಅಲ್ಯುಮಿನಿಯಂ ಹೈಡ್ರಾಕ್ಸೈಡ್. ಸುಮಾರು 200 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ತನ್ನ ತೂಕದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ನೀರನ್ನು ಆವಿಯಾಗಿ ಬಿಡುತ್ತದೆ. ನಮ್ಮೂರಿನ ಮೇ ತಿಂಗಳ ಬಿಸಿಲಿನಲ್ಲಿ ಕೂಲರ್‌ನ ಒದ್ದೆ ಹುಲ್ಲು ಮಾಡುವಂತೆಯೇ, ಆವಿಯಾಗುವ ನೀರು ಶಾಖವನ್ನು ಹೀರಿಕೊಳ್ಳುತ್ತದೆ. ಉರಿಯುವ ಅನಿಲವೂ ತೆಳುವಾಗುತ್ತದೆ. ಹೆಚ್ಚು ಸುರಿದರೆ ಮಾತ್ರ ಹೊದಿಕೆ ಬಿರುಸಾಗಿ, ಬಾಗಿಸಿದಲ್ಲಿ ಸೀಳುತ್ತದೆ. ಹಾಗಾಗಿ ಜೊತೆಗೆ ಜಿಂಕ್ ಬೋರೇಟ್ ಅಥವಾ ಮಾಲಿಬ್ಡಿನಂ ಸಂಯುಕ್ತಗಳನ್ನು ಕೊಂಚ ಸೇರಿಸುತ್ತಾರೆ. ಇಂಗಾಲ ಹಾರಿಹೋಗದೆ ಹೊದಿಕೆಯ ಮೇಲೆಯೇ ಕರಿಯ ಪದರವಾಗಿ ಕೂರುವಂತೆ ಇವು ಮಾಡುತ್ತವೆ. ನುಣ್ಣನೆಯ ಸುಣ್ಣದಕಲ್ಲಿನ ಪುಡಿ ಒಂದಿಷ್ಟು ಆಮ್ಲವನ್ನು ಹಿಡಿದಿಡುತ್ತದೆ.

ಎಲ್‌ಎಸ್‌ಎಚ್ ಎಂದರೆ ಹೊಗೆಯೂ ಆಮ್ಲ ಅನಿಲವೂ ಕಡಿಮೆ ಎಂದರ್ಥ, ಇಲ್ಲವೇ ಇಲ್ಲ ಎಂದಲ್ಲ. ವೈರ್‌ಗಳಿಗಿರುವ ಭಾರತೀಯ ಮಾನದಂಡ ಐಎಸ್ 694ರಲ್ಲಿ ಇಂಥ ಹೊದಿಕೆಯ ಆಮ್ಲ ಅನಿಲಕ್ಕೆ ತೂಕದ ಶೇ 20ರ ಮಿತಿ ಇದೆ. ಕ್ಲೋರಿನ್ ಬೇಡವೇ ಬೇಡ ಎನ್ನುವವರು ಎಚ್‌ಎಫ್‌ಎಫ್‌ಆರ್ ಎಂದು ಮುದ್ರಿಸಿದ ವೈರ್ ಕೇಳಬೇಕು. ಅದರ ಹೊದಿಕೆ ಪಿವಿಸಿಯದಲ್ಲ, ಬೆಲೆಯೂ ಹೆಚ್ಚು. ನರ್ಸಿಂಗ್ ಹೋಂ, ಹಾಸ್ಟೆಲ್ ಕಟ್ಟಿಸುವವರು ಅದನ್ನೇ ಹಾಕಿಸಲಿ ಎಂಬುದು ನನ್ನ ಮನವಿ.