ಗುಂಡುತೋಪಿಗೆ ಹದ್ದುಬಸ್ತು

ಕೇಳುಗರಿಗೆ ನಮಸ್ಕಾರ.

ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಊರ ಅಂಚಿಗೆ, ಕೆರೆ ಏರಿಯ ಹತ್ತಿರವೋ ದಾರಿ ಪಕ್ಕವೋ, ಒಂದು ಗುಂಡುತೋಪು, ಅಂದರೆ ಊರಿಗೆಲ್ಲ ಸೇರಿದ ಮರಗಳ ತೋಪು ಇರುತ್ತದೆ. ಇಲ್ಲದ ಕಡೆ, ಹಿಂದೆ ಇತ್ತು ಅಂತ ಹಿರಿಯರು ಕೈ ತೋರಿಸುತ್ತಾರೆ. ಹುಣಸೆ, ಹೊಂಗೆ, ನೇರಳೆ, ಮಾವು. ಹೊಂಗೆಕಾಯಿ ಉದುರುವ ಕಾಲಕ್ಕೆ ಹೆಂಗಸರು ಪೊರಕೆ ಹಿಡಿದು ಬಂದು, ಗುಡಿಸಿ ರಾಶಿ ಹಾಕಿ, ಕೋಲಿನಿಂದ ಬಡಿದು ಬೀಜ ಬಿಡಿಸುತ್ತಾರೆ. ಸಂತೆಯಲ್ಲಿ ಅದಕ್ಕೆ ಬರುವ ದುಡ್ಡು ಅವರದೇ ಕೈಯಲ್ಲಿ ಉಳಿಯುತ್ತದೆ. ಹುಣಸೆ ಫಸಲು ಹರಾಜಾಗುತ್ತದೆ. ಮಧ್ಯಾಹ್ನ ಕುರಿ ಮಂದೆ ಅಲ್ಲೇ ಮಲಗುತ್ತದೆ. ಆದರೂ ಕಟ್ಟಡಕ್ಕೆ ಜಾಗ ಹುಡುಕುವವರ ಕಣ್ಣಿಗೆ ತೋಪು ಖಾಲಿಯಾಗೇ ಕಾಣುತ್ತದೆ.

ಮುಳಬಾಗಿಲು ಕಡೆಯ ಒಂದು ಹಳ್ಳಿಯ ಕಥೆ ಹೇಳುತ್ತೇನೆ. ಊರ ಹೆಸರು ಬೇಡ, ಅಲ್ಲಿ ಮಾತುಕತೆ ಇನ್ನೂ ಮುಗಿದಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಹುಣಸೆ ಮರಗಳ ನಡುವೆ ಸುಣ್ಣದ ಗೆರೆ. ವಿಚಾರಿಸಿದರೆ, ಸಮುದಾಯ ಭವನ ಬರುತ್ತದಂತೆ. ಲೇಔಟ್ ಮಾಡುವವನು ಬಂದಿದ್ದರೆ ಊರೆಲ್ಲ ಒಟ್ಟಿಗೆ ಎದ್ದು ನಿಲ್ಲುತ್ತಿತ್ತು. ಭವನ ಬೇಡ ಅಂದವರು ಮಾತ್ರ ಊರಿನ ಏಳಿಗೆಗೆ ಅಡ್ಡಗಾಲು ಹಾಕಿದವರಾಗುತ್ತಾರೆ. ಮಗಳ ಮದುವೆಗೆ ಪೇಟೆಯ ಛತ್ರಕ್ಕೆ ಬಾಡಿಗೆ ಕಟ್ಟಿ ಸಾಲ ಮಾಡಿಕೊಂಡವರಿಗೆ ಮರದ ಮಾತು ರುಚಿಸುವುದಾದರೂ ಹೇಗೆ?

ಆ ಊರಿನ ಹುಡುಗರು ಧರಣಿಗೆ ಕೂರುವ ಮೊದಲು ಕಾಗದ ಹುಡುಕಿದರು. ಮೊಬೈಲಿನಲ್ಲಿ ಸರ್ಕಾರದ ಭೂನಕ್ಷೆ ಆ್ಯಪ್ ದಿಶಾಂಕ್ ತೆರೆದು ತೋಪಿನಲ್ಲಿ ನಿಂತರೆ ಸರ್ವೆ ನಂಬರ್ ಬಂತು. ಆ ನಂಬರಿನ ಪಹಣಿ ತೆಗೆಸಿದರೆ ಮಾಲೀಕರ ಹೆಸರು ಬರೆಯುವ 9ನೇ ಕಲಂನಲ್ಲಿ ‘ಸರ್ಕಾರಿ ಗುಂಡುತೋಪು’ ಎಂದೇ ಇತ್ತು. ಗ್ರಾಮ ನಕಾಶೆಯ ನಕಲಿಗೂ ಅರ್ಜಿ ಹಾಕಿದರು.

ದೇವನಹಳ್ಳಿ ತಾಲ್ಲೂಕಿನ ನಲ್ಲೂರು ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಅಂಥ ಯೋಗ ಎಲ್ಲ ತೋಪಿಗೂ ಬರುವುದಿಲ್ಲ. ಸಾಮಾನ್ಯ ತೋಪನ್ನು ಕಾಯುವುದು ಇಂಥ ದಾಖಲೆಗಳೇ.

ಇನ್ನೊಂದು ಆಸರೆ ಸುಪ್ರೀಂ ಕೋರ್ಟಿನದು. ಪಂಜಾಬಿನ ಒಂದು ಹಳ್ಳಿಯ ಕುಂಟೆಯನ್ನು ಒತ್ತುವರಿ ಮಾಡಿ ಮನೆ ಕಟ್ಟಿದ ಪ್ರಕರಣ, ಜಗಪಾಲ್ ಸಿಂಗ್ ಮೊಕದ್ದಮೆ. ಗ್ರಾಮದ ಸಾಮೂಹಿಕ ಜಮೀನಿನ ಒತ್ತುವರಿ ತೆರವು ಮಾಡಿ ಊರಿಗೆ ಹಿಂದಿರುಗಿಸುವ ಯೋಜನೆ ಮಾಡಿ ಎಂದು 2011ರ ಜನವರಿ 28ರಂದು ಎಲ್ಲ ರಾಜ್ಯಗಳಿಗೂ ಹೇಳಿತು. ಅದೇ ತೀರ್ಪಿನಲ್ಲಿ ವಿನಾಯಿತಿಗಳೂ ಇವೆ: ಭೂಹೀನ ಕೂಲಿಕಾರರಿಗೆ, ಪರಿಶಿಷ್ಟರಿಗೆ ಕೊಟ್ಟ ಜಾಗ, ಮತ್ತೆ ಈಗಾಗಲೇ ಶಾಲೆ, ಔಷಧಾಲಯದಂಥ ಸಾರ್ವಜನಿಕ ಕಟ್ಟಡ ಎದ್ದಿರುವ ಜಾಗ. ಈಗಾಗಲೇ ಎದ್ದಿದ್ದರೆ! ಆದ್ದರಿಂದ ತಕರಾರು ಏನಿದ್ದರೂ ಪಾಯ ತೆಗೆಯುವ ಮುಂಚೆ ಆಗಬೇಕು.

ಗ್ರಾಮಸಭೆ ಕಾನೂನಿನಂತೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಅಲ್ಲಿ ಒಂದು ಎಚ್ಚರಿಕೆ. ಹಾಜರಾತಿಗೆ ಅಂತ ನಡಾವಳಿ ಪುಸ್ತಕದ ಖಾಲಿ ಹಾಳೆಗೆ ಸಹಿ ಹಾಕಿ ಮನೆಗೆ ಬಂದರೆ, ಮೇಲೆ ಏನು ಬರೆದುಕೊಂಡರು ಅನ್ನುವುದು ಆಮೇಲೆ ತಿಳಿಯುತ್ತದೆ. ಈ ಊರಿನವರು ನಿರ್ಣಯವನ್ನು ಗಟ್ಟಿಯಾಗಿ ಓದಿಸಿ, ಕೆಳಗೆ ಗೆರೆ ಹೊಡೆಸಿ, ಆಮೇಲೆ ಸಹಿ ಹಾಕಿದರು. ನಿರ್ಣಯ ಇಷ್ಟೇ: ತೋಪನ್ನು ಅಳತೆ ಮಾಡಿಸಿ ಹದ್ದುಬಸ್ತು ಮಾಡಿ.

ಹೋರಾಟ ನಿಂತುಹೋದದ್ದು ಇಲ್ಲೇ, ಅದೂ ಒಳಗಿನವರಿಂದ. ಹದ್ದುಬಸ್ತು ಅಂದರೆ ಸರ್ವೆಯವರು ಬಂದು ನಾಲ್ಕೂ ದಿಕ್ಕಿಗೆ ಗಡಿ ಗುರುತಿಸುತ್ತಾರೆ. ಸಮುದಾಯ ಭವನದ ಗೆರೆ ಒಂದು ಮೂಲೆಯಲ್ಲಿತ್ತು. ಉಳಿದ ಮೂರು ಕಡೆ? ಪಕ್ಕದ ಹೊಲದವರು ಉಳುವಾಗೆಲ್ಲ ಒಂದೊಂದು ಸಾಲು ಒಳಗೆ ಸರಿದಿದ್ದರು. ಅಪ್ಪ ಒಂದು ಸಾಲು, ಮಗ ಒಂದು ಸಾಲು. ಬದು ಜರುಗುತ್ತಾ ಜರುಗುತ್ತಾ ನೇರಳೆ ಮರವೊಂದು ಟೊಮೆಟೊ ತೋಟದೊಳಗೆ ನಿಂತಿತ್ತು. ಹೀಗೆ ಸರಿದವರಲ್ಲಿ ಇಬ್ಬರು ನಿರ್ಣಯಕ್ಕೆ ಮೊದಲು ಸಹಿ ಹಾಕಿದವರು! ‘ಭವನದ ಕೆಲಸ ನಿಂತುಹೋದರೆ ಸಾಕು, ಅಳತೆ ಯಾಕಪ್ಪಾ’ ಅನ್ನಲು ಶುರು ಮಾಡಿದರು. ಎಷ್ಟೋ ಊರುಗಳಲ್ಲಿ ತೋಪು ಕರಗುವುದಕ್ಕೆ ಹೊರಗಿನವರ ದುರಾಸೆಗಿಂತ ಈ ಹಿಂಜರಿಕೆಯೇ ದೊಡ್ಡ ಕಾರಣ ಎಂಬುದು ನನ್ನ ಎಣಿಕೆ.

ಕೊನೆಗೆ ದಾರಿ ತೋರಿಸಿದ್ದು ಹೊಂಗೆಬೀಜ ಆರಿಸುವ ಹೆಂಗಸರು. ಅವರಿಗೆ ಒತ್ತುವರಿ ಮಾಡಲು ಪಕ್ಕದಲ್ಲಿ ಹೊಲವೇ ಇರಲಿಲ್ಲ, ಮುಲಾಜೂ ಇರಲಿಲ್ಲ. ‘ಕಲ್ಲು ನೆಟ್ಟರೆ ಎಲ್ಲಾ ಕಡೆ ನೆಡ್ರಿ, ಇಲ್ದಿದ್ರೆ ನಮ್ಮ ಸಹಿ ವಾಪಸ್ ಕೊಡ್ರಿ’ ಅಂದರು. ಅಳತೆ ನಡೆಯಿತು. ಕಲ್ಲು ಬಿತ್ತು. ಭವನ ಬೇಕೆಂದವರ ಜೊತೆ ಜಗಳಕ್ಕೆ ನಿಲ್ಲದೆ, ಶಾಲೆಯ ಹಿಂದಿನ ಸರ್ಕಾರಿ ಜಾಗವನ್ನು ಅವರ ಮುಂದಿಟ್ಟರು. ಇದು ಜಾಣತನ. ಬದಲಿ ಜಾಗ ತೋರಿಸದೆ ಬರೀ ಬೇಡ ಅನ್ನುವವರ ಮಾತು ಬಹಳ ದಿನ ನಡೆಯುವುದಿಲ್ಲ.

ಈಗ ಹೆಚ್ಚಿನವರು ಬೇಲಿ ಸರಿಸಿಕೊಂಡಿದ್ದಾರೆ, ಒಬ್ಬರು ಒಪ್ಪಿಲ್ಲ. ಅವರ ಮೇಲೆ ತಹಸೀಲ್ದಾರರಿಗೆ ದೂರು ಕೊಡುವುದೋ, ರಾಗಿ ಕೊಯ್ಲು ಮುಗಿಯುವವರೆಗೆ ಕಾಯುವುದೋ ಎಂಬುದೇ ಅಲ್ಲಿನ ಚರ್ಚೆ. ನನ್ನನ್ನು ಕೇಳಿದರೆ, ಒಂದು ಬೆಳೆಗೆ ಕಾಯಬಹುದು. ಶಾಲೆಯ ಹಿಂದಿನ ಜಾಗದ ನಿರ್ಣಯ ಮಾತ್ರ ಬರುವ ಗ್ರಾಮಸಭೆಯಲ್ಲೇ ಬರೆಸಿಕೊಳ್ಳಬೇಕು. ಭವನದ ಅನುದಾನ ಕೊಯ್ಲಿಗೆ ಕಾಯುವುದಿಲ್ಲ.

ನಮಸ್ಕಾರ.